ಮೊದಲು ನೀರು ಸಾಕಿ, ಆಮೇಲೆ ಹವಳ

ಹವಳ ನೋಡಲು ಗಿಡದ ಹಾಗೆ, ಕಲ್ಲಿನ ಹಾಗೆ ಕಂಡರೂ ಅದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತದೆ. ಬೆಳಕು ಬಿದ್ದಾಗ ಈ ಪಾಚಿ ಆಹಾರ ತಯಾರಿಸಿ, ಅದರಲ್ಲಿ ದೊಡ್ಡ ಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತದೆ. ನೀರು ಬಿಸಿಯಾದರೆ ಈ ಹೊಂದಾಣಿಕೆ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 2024ರಲ್ಲಿ ಲಕ್ಷದ್ವೀಪದ ಹವಳದ ದಿಬ್ಬಗಳಿಗೆ ಆದದ್ದು ಇದೇ. ಅಷ್ಟು ದೊಡ್ಡ ಕಡಲಿನಲ್ಲೇ ಹೀಗಾದರೆ, ಮನೆಯ 100 ಲೀಟರ್ ಟ್ಯಾಂಕಿನಲ್ಲಿ ಎಷ್ಟು ಬೇಗ ಆಗಬಹುದು ಯೋಚಿಸಿ. ಹಾಗಾಗಿ ಮನೆಯಲ್ಲಿ ಹವಳ ಸಾಕುವ ಈ ಹವ್ಯಾಸದಲ್ಲಿ ನಾವು ನಿಜವಾಗಿ ಸಾಕುವುದು ನೀರನ್ನು. ನೀರು ದಿನವೂ ಒಂದೇ ರೀತಿ ಇದ್ದರೆ ಹವಳ ತಾನೇ ಬೆಳೆಯುತ್ತದೆ.

ಯಾವ ಹವಳ ತರಬಾರದು

ಟ್ಯಾಂಕ್ ಕೊಳ್ಳುವ ಮೊದಲೇ ಇದನ್ನು ತಿಳಿದುಕೊಳ್ಳಿ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯ ಆಕಾರದ ಸೀ ಫ್ಯಾನ್ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಕಡಲಕುದುರೆ, ದೈತ್ಯ ಕಪ್ಪೆಚಿಪ್ಪು, ಕಡಲ ಸೌತೆಗೂ ಅಷ್ಟೇ. ವಿದೇಶದ ವಿಡಿಯೊಗಳಲ್ಲಿ ಕಾಣುವ ಕೊಂಬೆ ಕೊಂಬೆಯಾದ ಬಣ್ಣದ ಹವಳಗಳನ್ನು ಇಲ್ಲಿ ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಬೇಡ ಅನ್ನಿ. ಸಮುದ್ರದಿಂದ ಕಿತ್ತು ತಂದ 'ಲೈವ್ ರಾಕ್' ಕೂಡ ಬೇಡ. ಅದು ಹೆಚ್ಚಾಗಿ ಹಳೆಯ ಹವಳದ ಅಸ್ಥಿಯೇ. ನೇತ್ರಾಣಿಗೆ ಡೈವಿಂಗ್ ಹೋದಾಗ ನೆನಪಿಗೆಂದು ಒಂದು ಚೂರು ಎತ್ತಿಕೊಂಡು ಬರುವುದೂ ತಪ್ಪೇ.

ಹೊಸಬರಿಗೆ ನಾನು ಹೇಳುವುದು ಎರಡೇ: ಅಣಬೆಯಂತೆ ಕಾಣುವ ಮಶ್ರೂಮ್ ಹವಳ ಮತ್ತು ಜೋವಾಂತಿಡ್. ಹವ್ಯಾಸಿಗಳು ಎರಡನೆಯದನ್ನು 'ಜೋವಾ' ಅನ್ನುತ್ತಾರೆ. ಎರಡೂ ಗಟ್ಟಿ ಅಸ್ಥಿ ಕಟ್ಟುವುದಿಲ್ಲ. ಇನ್ನೊಬ್ಬ ಹವ್ಯಾಸಿಯ ಟ್ಯಾಂಕಿನಲ್ಲಿ ಬೆಳೆದ ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅಂಗಡಿಯಲ್ಲಿ ಕೊಂಡರೆ ಜಾತಿಯ ಹೆಸರು ಬರೆದ ಬಿಲ್ ಕೇಳಿ. ಕಾಯ್ದೆಯ ಪಟ್ಟಿಗಳನ್ನು 2022ರ ತಿದ್ದುಪಡಿಯಲ್ಲಿ ಹೊಸದಾಗಿ ಜೋಡಿಸಿದ್ದಾರೆ. ಅನುಮಾನ ಬಂದರೆ ಅರಣ್ಯ ಇಲಾಖೆಯಲ್ಲಿ ಕೇಳಿಯೇ ಮುಂದುವರಿಯಿರಿ.

ಟ್ಯಾಂಕ್ ಮತ್ತು ಜಾಗ

ಚಿಕ್ಕದಾದಷ್ಟು ಸುಲಭ ಅಂತ ಅನಿಸುತ್ತದೆ, ಅಲ್ವಾ? ಉಪ್ಪುನೀರಿನಲ್ಲಿ ಅದು ಉಲ್ಟಾ. ನೀರು ಕಡಿಮೆಯಾದಷ್ಟೂ ಉಪ್ಪು, ಬಿಸಿ ಎಲ್ಲವೂ ಬೇಗ ಏರುಪೇರಾಗುತ್ತವೆ. 60 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ಟ್ಯಾಂಕ್ ಶುರುವಿಗೆ ಸರಿಯಾದ ಅಳತೆ. ಕಲ್ಲು, ಮರಳು ಹೋಗಿ ಸುಮಾರು 100 ಲೀಟರ್ ನೀರು ಹಿಡಿಯುತ್ತದೆ. ಎಲ್ಲ ಸೇರಿ 150 ಕಿಲೋ ಹತ್ತಿರ ಬರುತ್ತದೆ. ಟಿವಿ ಇಡುವ ಸ್ಟ್ಯಾಂಡ್ ಮೇಲೆ ಇಡಬೇಡಿ. ಗಟ್ಟಿ ಸ್ಟ್ಯಾಂಡ್ ಮಾಡಿಸಿ, ರಸಮಟ್ಟ ಇಟ್ಟು ನೋಡಿ, ಕೆಳಗೆ ತೆಳು ಫೋಮ್ ಹಾಳೆ ಹಾಸಿ. ಕಿಟಕಿಯ ಬಿಸಿಲು ನೇರವಾಗಿ ಬೀಳಬಾರದು.

ನೀರು ತಯಾರಿಸುವುದು

ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಾದ್ದು ಇಲ್ಲಿ. ಬೋರ್‌ವೆಲ್ ನೀರಿನಲ್ಲಿ ಗಡಸುತನ, ನೈಟ್ರೇಟ್ ಇರುತ್ತದೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡನ್ನೂ ನೇರ ಹಾಕುವಂತಿಲ್ಲ. ಮನೆಯ ಆರ್‌ಒ ನೀರು ಸಾಕಲ್ಲ ಅನ್ನುವವರು ಒಮ್ಮೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಖನಿಜ, ಲವಣಗಳ ಪ್ರಮಾಣ) ಮೀಟರ್ ಅದ್ದಿ ನೋಡಿ. ಕುಡಿಯಲು ರುಚಿ ಬರಲೆಂದು ಅನೇಕ ಯಂತ್ರಗಳು ಖನಿಜಾಂಶವನ್ನು ಮತ್ತೆ ಸೇರಿಸುತ್ತವೆ. ನಮಗೆ ಬೇಕಾದದ್ದು ಟಿಡಿಎಸ್ ಸೊನ್ನೆ, ಅಥವಾ ಸೊನ್ನೆಗೆ ತೀರಾ ಹತ್ತಿರ. ಅದಕ್ಕೆ ಆರ್‌ಒ ನೀರನ್ನು, ಉಳಿದ ಲವಣಗಳನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಹರಳು ತುಂಬಿದ ಕೊಳವೆಯ ಮೂಲಕ ಹಾಯಿಸಬೇಕು. ಹೀಗೆ ಬಂದದ್ದೇ ಡಿಐ ನೀರು. ಯಂತ್ರ ಹೊರಹಾಕುವ ನೀರನ್ನು ಚರಂಡಿಗೆ ಬಿಡದೆ ನೆಲ ಒರೆಸಲು ಹಿಡಿದಿಡಿ.

ಉಪ್ಪು ಅಂದರೆ ಅಡುಗೆ ಉಪ್ಪು, ಕಲ್ಲುಪ್ಪು ಯಾವುದೂ ಆಗದು. ರೀಫ್ ಟ್ಯಾಂಕಿಗೆಂದೇ, ಅಂದರೆ ಹವಳದ ಟ್ಯಾಂಕಿಗೆಂದೇ ಬರುವ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಮುಂತಾದವು ಕಡಲಿನ ಪ್ರಮಾಣದಲ್ಲೇ ಇರುತ್ತವೆ. 100 ಲೀಟರಿಗೆ 3.5ರಿಂದ 4 ಕಿಲೋ ಬೇಕು. ಡ್ರಮ್ಮಿನಲ್ಲಿ ಮೊದಲು ನೀರು ತುಂಬಿ, ಒಂದು ಪಂಪ್ ಓಡಿಸಿ, ಆಮೇಲೆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಗಷ್ಟಾಗಿ ತಳ ಸೇರುತ್ತದೆ. ನೀರು ತಿಳಿಯಾದ ಮೇಲೆ ಉಪ್ಪಿನಂಶ ತೋರಿಸುವ ರಿಫ್ರಾಕ್ಟೋಮೀಟರಿನಲ್ಲಿ ಅಳೆಯಿರಿ. ಸಾವಿರಕ್ಕೆ 35 ಭಾಗ, ಅಂದರೆ ಸಾಂದ್ರತೆ 1.025ರಿಂದ 1.026 ಬರಬೇಕು. ಮೀಟರನ್ನು 35ರ ದ್ರಾವಣದಿಂದಲೇ ಸರಿಹೊಂದಿಸಿ. ಬರಿ ನೀರಿನಲ್ಲಿ ಸೊನ್ನೆ ತೋರಿದರೆ ಸಾಲದು.

ಮಂಗಳೂರು, ಉಡುಪಿ ಕಡೆಯವರು ಕಡಲ ನೀರನ್ನೇ ತರಬಹುದಲ್ಲ ಅಂತ ಕೇಳುತ್ತಾರೆ. ಬೇಡ ಅಂತಲೇ ನನ್ನ ಮಾತು. ದಡದ ನೀರಿನಲ್ಲಿ ಕೆಸರು, ದೋಣಿಯ ಎಣ್ಣೆ, ಚರಂಡಿ ನೀರು ಎಲ್ಲ ಸೇರಿರುತ್ತದೆ. ಮಳೆಗಾಲದಲ್ಲಿ ಹೊಳೆಗಳು ಬಂದು ಸೇರಿ ಉಪ್ಪಿನಂಶವೂ ಇಳಿದಿರುತ್ತದೆ.

ಕಲ್ಲು, ಮರಳು, ಕಾಯುವ ವಾರಗಳು

ಟ್ಯಾಂಕಿಗೆ ಕೃತಕವಾಗಿ ಮಾಡಿದ, ತೂತು ತೂತಾದ ಒಣ ಕಲ್ಲು 10ರಿಂದ 12 ಕಿಲೋ ಸಾಕು. ಮೊದಲು ಕಲ್ಲನ್ನು ಗಾಜಿನ ತಳದ ಮೇಲೆ ಅಲುಗದಂತೆ ಕೂರಿಸಿ. ಆಮೇಲೆ ಸುತ್ತ 2–3 ಸೆಂ.ಮೀ. ಅರಗೊನೈಟ್ (ಸುಣ್ಣದ ಅಂಶದ) ಮರಳು ಹಾಕಿ. ನಡುವೆ ನೀರು ಹರಿಯಲು ಸಂದು ಬಿಡಿ. ಗೋಡೆ ಕಟ್ಟಿದ ಹಾಗೆ ಜೋಡಿಸಿದರೆ ಹಿಂದೆ ಕಸ ಕೂರುತ್ತದೆ.

ಇನ್ನು ಬ್ಯಾಕ್ಟೀರಿಯಾ ಬೆಳೆಸಬೇಕು. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಕಲ್ಲಿನ ತೂತುಗಳೇ ಇವುಗಳ ಮನೆ. ಇನ್ನೂ ಮೀನು, ಹವಳ ಬಿಡದ ಟ್ಯಾಂಕಿನ ನೀರಿಗೆ ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷಕ್ಕೆ 2 ಭಾಗ) ತನ್ನಿ. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಸೇರಿಸಿ. ಹಳೆಯ, ಆರೋಗ್ಯವಾದ ಟ್ಯಾಂಕಿನ ಒಂದು ಹಿಡಿ ಮರಳು ಸಿಕ್ಕರೆ ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಮಾಡುತ್ತದೆ. ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್‌ನಲ್ಲಿ ನೋಡಿ ಬರೆದಿಡಿ. ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರಿ ಅದೂ ಇಳಿಯುತ್ತದೆ. ಹೊಸದಾಗಿ ಹಾಕಿದ ಅಮೋನಿಯಾ 24 ಗಂಟೆಯೊಳಗೆ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ಇದ್ದರೆ ಟ್ಯಾಂಕ್ ಸಿದ್ಧ. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಂಗಡಿಯವರು 'ನಾಳೆಯೇ ಮೀನು ಬಿಡಿ' ಅಂದರೂ ಬಿಡಬೇಡಿ.

ಆಮೇಲೆ ಮರಳಿನ ಮೇಲೆ ಕಂದು ಧೂಳಿನಂಥ ಪದರ ಬರುತ್ತದೆ. ಅದರ ಹಿಂದೆಯೇ ಹಸಿರು ಪಾಚಿ. ಹೆದರಿ ಔಷಧಿ ಸುರಿಯಬೇಡಿ. ಪಾಚಿ ಮೇಯುವ ಕಡಲ ಬಸವನಹುಳುಗಳನ್ನು ಬಿಡಿ, ಗಾಜು ಉಜ್ಜಿ, ಸುಮ್ನೆ ಕಾಯಿರಿ. ಅದು ತಾನೇ ಹೋಗುತ್ತದೆ.

ಬಿಸಿ, ಹರಿವು, ಬೆಳಕು

ನೀರು 25ರಿಂದ 27 ಡಿಗ್ರಿ ಇರಲಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಚಿಕ್ಕ ಹೀಟರ್ ಬೇಕು, ಏಪ್ರಿಲ್‌ಗೆ ಫ್ಯಾನ್ ಬೇಕು. ನೀರಿನ ಮೇಲೆ ಗಾಳಿ ಬೀಸಿದರೆ ನೀರು ಆವಿಯಾಗಿ 2–3 ಡಿಗ್ರಿ ಇಳಿಯುತ್ತದೆ. ಒಣ ಹವೆಯ ಊರುಗಳಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಕರಾವಳಿಯ ಸೆಕೆಯಲ್ಲಿ ಆವಿಯಾಗುವುದೇ ಕಡಿಮೆ. ಅಲ್ಲಿ ನೀರು ತಂಪು ಮಾಡುವ ಯಂತ್ರ, ಚಿಲ್ಲರ್, ಇಲ್ಲದೆ ಕಷ್ಟ.

ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಹಾಗಾಗಿ ಇಳಿದ ಮಟ್ಟವನ್ನು ಉಪ್ಪುನೀರಿನಿಂದ ತುಂಬಿಸಬಾರದು, ಡಿಐ ನೀರನ್ನೇ ಹಾಕಬೇಕು. ಫ್ಯಾನ್ ಓಡುವ ಟ್ಯಾಂಕಿನಲ್ಲಿ ದಿನಕ್ಕೆ 1–2 ಲೀಟರ್ ಇಳಿಯಬಹುದು. ಮಟ್ಟ ನೋಡಿ ತಾನೇ ನೀರು ಬಿಡುವ ಸಾಧನ ಸಿಗುತ್ತದೆ. ಖರ್ಚು ಮಾಡುವುದಾದರೆ ಮೊದಲು ಇದಕ್ಕೆ ಮಾಡಿ.

ನೀರು ಹರಿಯುತ್ತಿರಲು ಗಂಟೆಗೆ 2000 ಲೀಟರ್ ತಳ್ಳುವ ಒಂದು ವೇವ್‌ಮೇಕರ್ ಪಂಪ್ ಸಾಕು. ಕರೆಂಟ್ ಹೋದರೆ ಹರಿವು ನಿಂತು ಆಮ್ಲಜನಕ ಇಳಿಯುತ್ತದೆ. ಇನ್‌ವರ್ಟರ್ ಇದ್ದರೆ ಈ ಪಂಪಿಗೆ ಮಾತ್ರ ಅದರಿಂದ ಲೈನ್ ಕೊಡಿ. ಇಲ್ಲದಿದ್ದರೆ ಬ್ಯಾಟರಿಯ ಏರ್ ಪಂಪ್ ಕೈಗೆ ಸಿಗುವಂತೆ ಇಡಿ.

ಬೆಳಕಿಗೆ ನೀಲಿ ಹೆಚ್ಚಿರುವ ರೀಫ್ ಎಲ್‌ಇಡಿ ಬೇಕು. ಮಶ್ರೂಮ್, ಜೋವಾಗಳಿಗೆ ತೀಕ್ಷ್ಣ ಬೆಳಕು ಬೇಡ. ದಿನಕ್ಕೆ 8 ಗಂಟೆ ಸಾಕು. ಅರ್ಧ ಶಕ್ತಿಗಿಂತ ಕಡಿಮೆಯಿಂದ ಶುರುಮಾಡಿ, ವಾರಗಳ ಮೇಲೆ ಏರಿಸುತ್ತಾ ಹೋಗಿ.

ಜೀವಗಳನ್ನು ಬಿಡುವುದು

ಚೀಲವನ್ನು ಅರ್ಧ ಗಂಟೆ ಟ್ಯಾಂಕಿನಲ್ಲಿ ತೇಲಿಸಿ. ಆಮೇಲೆ ಹವಳವನ್ನು ಚೀಲದ ನೀರಿನ ಸಮೇತ ಬಕೆಟ್ಟಿಗೆ ಹಾಕಿ, ತೆಳು ಕೊಳವೆಯಿಂದ ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಬಿಡಿ. ಕೀಟ ಉದುರಲು ರೀಫ್ ಡಿಪ್ ಎಂಬ ಹವಳ ತೊಳೆಯುವ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಮಶ್ರೂಮ್ ಅನ್ನು ಕೆಳಗೆ ನೆರಳಲ್ಲಿ, ಜೋವಾವನ್ನು ನಡುಮಟ್ಟದಲ್ಲಿ ಇಡಿ. ಕೆಲವು ದಿನ ಮುದುಡಿಕೊಂಡೇ ಇದ್ದರೆ ಗಾಬರಿ ಬೇಡ. ದಿನಕ್ಕೊಂದು ಜಾಗಕ್ಕೆ ಬದಲಾಯಿಸುವುದೇ ಅವುಗಳಿಗೆ ಹೆಚ್ಚು ತೊಂದರೆ.

ಜೋವಾದ ವಿಷಯದಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಮರೆಯಬೇಡಿ. ಇವುಗಳಲ್ಲಿ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಮುಟ್ಟುವಾಗ ಕೈಗವಸು, ಕತ್ತರಿಸುವಾಗ ಕನ್ನಡಕ ಬೇಕೇ ಬೇಕು. ಕೈಯಲ್ಲಿ ಗಾಯ ಇದ್ದರೆ ಆ ದಿನ ಕೆಲಸ ಬೇಡ. ಜೋವಾ ಬೆಳೆದ ಕಲ್ಲನ್ನು ಯಾವತ್ತೂ ಕುದಿಸಬೇಡಿ, ಬಿಸಿನೀರು ಹಾಕಿ ಉಜ್ಜಬೇಡಿ. ಆ ಹಬೆ ಉಸಿರಾಡಿ ವಿದೇಶಗಳಲ್ಲಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿವೆ. ಪುಟ್ಟ ಮಕ್ಕಳು ಟ್ಯಾಂಕಿಗೆ ಕೈ ಹಾಕುವ ಮನೆಯಾದರೆ ಮಶ್ರೂಮ್ ಮಾತ್ರ ಸಾಕಿ.

ಮೀನು ಅಂದರೆ ಒಂದು ಜೋಡಿ ಕ್ಲೌನ್ ಮೀನು ಸಾಕು. ಇವನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಹಾಗಾಗಿ ಕಡಲಿನಿಂದ ಹಿಡಿದ ಮೀನು ಕೊಳ್ಳುವ ಅಗತ್ಯವೇ ಇಲ್ಲ. ಟ್ಯಾಂಕಿಗೆ ಬಿಡುವ ಮೊದಲು ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ನೋಡಿ. ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಇದೆ. ಆದರೆ ಅದನ್ನು ಹವಳದ ಟ್ಯಾಂಕಿಗೆ ಹಾಕಿದರೆ ಹವಳ, ಬಸವನಹುಳು ಎಲ್ಲ ಸಾಯುತ್ತವೆ.

ವಾರದ ಕೆಲಸ

ವಾರಕ್ಕೊಮ್ಮೆ 10 ಲೀಟರ್ ನೀರು ತೆಗೆದು, ಅದೇ ಉಪ್ಪು, ಅದೇ ಬಿಸಿ ಇರುವ ಹೊಸ ನೀರು ಹಾಕಿ. ಕ್ಷಾರತೆ 8–9 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ), ನೈಟ್ರೇಟ್ 5–10 ಪಿಪಿಎಂ ಇದ್ದರೆ ಒಳ್ಳೆಯದು. ನೈಟ್ರೇಟನ್ನು ಪೂರ್ತಿ ಸೊನ್ನೆ ಮಾಡಲು ಹೋಗಬೇಡಿ, ಈ ಹವಳಗಳಿಗೆ ಸ್ವಲ್ಪ ಬೇಕು. ಅಂಕಿ ಒಂಚೂರು ಆಚೀಚೆ ಇದ್ದರೂ ದಿನವೂ ಒಂದೇ ಇರುವುದು ಮುಖ್ಯ. ಒಂದೇ ದಿನದಲ್ಲಿ ಸರಿ ಮಾಡಲು ಹೊರಟರೆ ಹವಳಕ್ಕೆ ಪೆಟ್ಟು.

ವರ್ಷದೊಳಗೆ ಮಶ್ರೂಮ್ ಕಲ್ಲಿನ ಮೇಲೆ ಹಬ್ಬಲು ಶುರುವಾಗುತ್ತದೆ. ಒಂದನ್ನು ಹರಿತವಾದ ಬ್ಲೇಡಿನಿಂದ ಎರಡಾಗಿ ಕುಯ್ದು, ಸಣ್ಣ ಕಲ್ಲಿನ ಚೂರುಗಳಿರುವ ಡಬ್ಬಿಯಲ್ಲಿ ಹಾಕಿ. ಮೇಲೆ ಬಲೆ ಕಟ್ಟಿ ಹರಿವು ಕಡಿಮೆ ಇರುವ ಮೂಲೆಯಲ್ಲಿಡಿ. ಕೆಲವು ವಾರಗಳಲ್ಲಿ ಎರಡೂ ತುಂಡು ಕಲ್ಲಿಗೆ ಹಿಡಿದುಕೊಳ್ಳುತ್ತವೆ. ಅದನ್ನು ಮಾರುವ ಬದಲು ಹೊಸದಾಗಿ ಟ್ಯಾಂಕ್ ಶುರುಮಾಡಿದವರಿಗೆ ಕೊಡಿ. ಚೀಲಕ್ಕೆ ನಿಮ್ಮ ಟ್ಯಾಂಕಿನ ನೀರನ್ನೇ ತುಂಬಿ, ಉಪ್ಪಿನಂಶ ಎಷ್ಟು, ಬಿಸಿ ಎಷ್ಟು, ಬೆಳಕು ಎಷ್ಟು ಹೊತ್ತು ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಅವರ ಟ್ಯಾಂಕ್ ಇನ್ನೂ ಆರು ವಾರ ಮುಗಿಸಿಲ್ಲ ಅಂದರೆ, ಮುಗಿಯುವ ತನಕ ತುಂಡನ್ನು ನಿಮ್ಮಲ್ಲೇ ಇಟ್ಟುಕೊಂಡಿರಿ.