ಅಜ್ಜನ ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಬರೆಯುತ್ತಿದ್ದೇನೆ

ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಒಂದು ಲೆಕ್ಕದ ಪುಸ್ತಕ ಇತ್ತು. ಅಪ್ಪ ಪ್ರತಿ ದೀಪಾವಳಿಗೆ ಅದನ್ನು ಹೊರಗೆ ತೆಗೆದು, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಒಳಗಿಡುತ್ತಿದ್ದ. ಓದುತ್ತಿರಲಿಲ್ಲ. ಅದು ಉರ್ದುವಿನಲ್ಲಿತ್ತು, ಅಪ್ಪನಿಗೆ ಉರ್ದು ಬರುತ್ತಿರಲಿಲ್ಲ. ನಮ್ಮ ಗಂಗಾವತಿ ಸೀಮೆ ನಿಜಾಮರ ಕೈಯಲ್ಲಿದ್ದಾಗ ಅಜ್ಜ ಸಾಲಿ ಕಲಿತವನು.

ಅಪ್ಪ ತೀರಿಕೊಂಡ ಮೇಲೆ ನಾನು ಅದನ್ನು ವಯಸ್ಸಾದ ಉರ್ದು ಮಾಸ್ತರರೊಬ್ಬರ ಹತ್ತಿರ ಒಯ್ದೆ. ಮೂರು ಮಧ್ಯಾಹ್ನ ಕೂತು ಓದಿ ಹೇಳಿದರು. ಜೋಳದ ಲೆಕ್ಕ, ಆಳಿನ ಕೂಲಿ, ಬೀಗರಿಗೆ ಕೊಟ್ಟ ಸಾಲ. ಒಂದು ಕಡೆ ಹೀಗಿತ್ತು: '1357. ಎತ್ತಿನ ಜೋಡಿ ಮಾರಿದೆ. 210 ಹಾಲಿ.' ಅದರ ಮುಂದೆ ಹನ್ನೊಂದು ಹಾಳೆ ಖಾಲಿ.

ಮಾಸ್ತರರೇ ಬಿಡಿಸಿ ಹೇಳಿದರು. 1357 ಅಂದರೆ ಫಸಲಿ ವರ್ಷ, ನಿಜಾಮರ ಕಾಲದ ಕಂದಾಯದ ಲೆಕ್ಕದ ವರ್ಷ. ನಮ್ಮ ಇಸವಿ ಸಿಗಬೇಕಾದರೆ ಅದಕ್ಕೆ 590 ಕೂಡಿಸಬೇಕು. 1947ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರಿನವರೆಗೆ. ಹಾಲಿ ಅಂದರೆ ನಿಜಾಮರ ರೂಪಾಯಿ. ತುಂಗಭದ್ರಾ ಹೊಳೆ ಆಚೆ, ನಿಜಾಮರ ಗಡಿ ಹೊರಗಿದ್ದ ಕಂಪ್ಲಿಯಲ್ಲಿ ನಡೆಯುತ್ತಿದ್ದದ್ದು ಬ್ರಿಟಿಷರ ಕಲ್ದಾರ್. ಆ 1357 ಅಂದರೆ ನಿಜಾಮರ ಪರ ಇದ್ದ ರಜಾಕಾರರ ಪಡೆಯ ಹಾವಳಿಯ ವರ್ಷ. 'ಆಗ ನಾವು ಹೊಳೆ ದಾಟಿ ಹೋಗಿದ್ವಿ' ಅಂತ ಅಜ್ಜಿ ಹೇಳುತ್ತಿದ್ದಳು. ಎತ್ತು ಮಾರಿದ್ದು ಅದಕ್ಕೇ ಇರಬೇಕು. ಆದರೆ ಅಜ್ಜ ಅದನ್ನು ಬರೆದಿಲ್ಲ. ಸಾಕಿದ ಎತ್ತನ್ನು ಬೇರೆಯವರ ಕೈಗೆ ಕೊಟ್ಟ ದಿನ ಅವನಿಗೆ ಹೇಗಾಯಿತೋ, ನನಗೆ ಅದೇ ಬೇಕಿತ್ತು.

ಅವತ್ತು ಸಂಜೆಯೇ ಇನ್ನೂರು ಪುಟದ ಲಾಂಗ್ ಬುಕ್ ತಂದೆ. ಈಗ ಏಳನೆಯದು ನಡೆಯುತ್ತಿದೆ.

ದಿನಾ ಬರೆಯುವುದಿಲ್ಲ. ವಾರಕ್ಕೆ ಒಂದು ಸಲ, ಭಾನುವಾರ ಊಟ ಆದ ಮೇಲೆ. ಬೆಲೆ ಬರೆದರೆ ಅಳತೆಯನ್ನೂ ಬರೆಯುತ್ತೇನೆ. ನಮ್ಮಲ್ಲಿ ಭತ್ತದ ಚೀಲ ಅಂದರೆ 75 ಕೆಜಿ, ಅದು ಇಲ್ಲಿ ಎಲ್ಲರಿಗೂ ಗೊತ್ತು. ನನ್ನ ಮೊಮ್ಮಗಳ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಇಸವಿಯನ್ನು ಪೂರ್ತಿ ನಾಲ್ಕು ಅಂಕಿಯಲ್ಲೇ ಹಾಕುತ್ತೇನೆ.

ಇನ್ನೊಂದು, ಯಾಕೆ ಅನ್ನುವುದನ್ನು ಬಿಡುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆ ವಾರದ ಪುಟ ಹೀಗಿದೆ: 'ತುಂಬಿದ ಡ್ಯಾಮು ಕಣ್ಣೆದುರೇ ಖಾಲಿಯಾಗುತ್ತಿದೆ. ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ಲವೋ. ದೊಡ್ಡ ಮಗ ಊಟ ಬಿಟ್ಟು ಮೊಬೈಲ್ ನೋಡುತ್ತಾ ಕೂತಿದ್ದಾನೆ. ನನಗೂ ನಿದ್ದೆ ಇಲ್ಲ. ಮಗಳ ಮದುವೆ ಸಾಲ ಇನ್ನೂ ತೀರಿಲ್ಲ.' ಸುದ್ದಿ ಪೇಪರಿನಲ್ಲಿ ಸಿಗುತ್ತೆ. ಮಗ ಊಟ ಬಿಟ್ಟದ್ದು ಎಲ್ಲಿ ಸಿಗುತ್ತೆ?

ತಪ್ಪುಗಳೂ ಆದವು. ಮೊದಲ ಪುಸ್ತಕಕ್ಕೆ ಜೆಲ್ ಪೆನ್ ಬಳಸಿದೆ. ಮಳೆಗಾಲದಲ್ಲಿ ಮಾಳಿಗೆ ಸೋರಿ ಇಪ್ಪತ್ತು ಪುಟ ನೀಲಿ ನೀಲಿಯಾಗಿ ಹರಡಿಬಿಟ್ಟವು. ಹೆಂಡತಿಗೆ ಆಪರೇಷನ್ ಆದ ವಾರ ಅದರಲ್ಲೇ ಇತ್ತು. ನೆನಪಿದ್ದಷ್ಟು ಮತ್ತೆ ಬರೆದೆ, ಆದರೆ ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಬರೆದ ಹಾಗೆ ಬರಲಿಲ್ಲ. ಈಗ ನೀರಿಗೆ ಹರಡದ ಕಪ್ಪು ಇಂಕಿನ ಪೆನ್ನು. ಎಟಿಎಂ, ಪೆಟ್ರೋಲ್ ಬಂಕಿನ ಚೀಟಿ ಅಂಟಿಸುವುದೂ ದಂಡ. ಶಾಖಕ್ಕೆ ಅಕ್ಷರ ಮೂಡುವ ಕಾಗದ ಅದು, ಸ್ವಲ್ಪ ದಿನಕ್ಕೇ ಬಿಳಿ ಆಗುತ್ತೆ. ಮೊತ್ತವನ್ನು ಕೈಯಲ್ಲೇ ಬರೆದುಬಿಡಬೇಕು. ಟ್ರಂಕನ್ನು ಗೋಡೆಗೆ ತಾಗದಂತೆ ಇಟ್ಟಿಗೆ ಮೇಲೆ ಇಟ್ಟಿದ್ದೇನೆ, ಗೆದ್ದಲಿನ ಭಯಕ್ಕೆ.

ನನ್ನ ದೊಡ್ಡ ಚಿಂತೆ ಬೇರೆ. ಮೊಮ್ಮಗಳು ಬೆಂಗಳೂರಿನಲ್ಲಿ ಇಂಗ್ಲಿಷ್ ಶಾಲೆ. ಕನ್ನಡ ಮಾತಾಡುತ್ತಾಳೆ, ಓದುವುದು ಅಕ್ಷರ ಕೂಡಿಸಿಕೊಂಡು. ಅಜ್ಜನ ಉರ್ದು ನನಗಾದ ಹಾಗೆ ನನ್ನ ಕನ್ನಡ ಅವಳಿಗೆ ಆಗಬಾರದು. ಅದಕ್ಕೆ ರಜೆಗೆ ಬಂದಾಗ ಅವಳ ಕೈಲೇ ಓದಿಸುತ್ತೇನೆ, ದಿನಕ್ಕೆ ಒಂದೇ ಪುಟ. ಕಳೆದ ಬೇಸಿಗೆಯಲ್ಲಿ ಒಂದು ಹೆಸರಿನ ಹತ್ತಿರ ನಿಂತು, 'ಅಜ್ಜಾ, ಈ ಹುಲಿಗೆಮ್ಮ ಯಾರು?' ಅಂದಳು. ನಮ್ಮ ಹೊಲದಲ್ಲಿ ಮೂವತ್ತು ವರ್ಷ ನಾಟಿ ಮಾಡಿದವಳು ಅವಳು. ನಾನು ಹೆಸರಷ್ಟೇ ಬರೆದಿದ್ದೆ.

ಅವತ್ತಿನಿಂದ ಪ್ರತಿ ಪುಸ್ತಕದ ಕೊನೆಯ ನಾಲ್ಕು ಪುಟ ಹೆಸರುಗಳಿಗೆ. ಯಾರು, ನಮಗೇನಾಗಬೇಕು, ಮನೆ ಎಲ್ಲಿ. ಮೊದಲ ಸಾಲಿನಲ್ಲಿ ಹುಲಿಗೆಮ್ಮನನ್ನು ಮೊಮ್ಮಗಳೇ ಬರೆದಳು. ಒತ್ತಕ್ಷರ ತಪ್ಪಿದೆ, ನಾನು ತಿದ್ದಿಲ್ಲ.