ಲಿಂಬೆ ಸೋಡಾದ ನಳಕ್ಕಾಗಿ ಡೀಪ್ ಫ್ರೀಜರಿಗೆ ಕಟ್ಟಿಗೆಯ ಹೊದಿಕೆ
ಮೇಲೆ ಮುಚ್ಚಳವಿರುವ ಡೀಪ್ ಫ್ರೀಜರಿಗೆ ಕಟ್ಟಿಗೆ ಹೊದಿಸಿ ನಳ ಕೂಡಿಸುವ ಪದ್ಧತಿ ಹೊರದೇಶಗಳಲ್ಲಿ ಮನೆಯಲ್ಲಿಯೇ ಬಿಯರ್ ತಯಾರಿಸುವವರಿಂದ ಬಂದದ್ದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ, ಇಂಡಿ ತಾಲೂಕಿನ ಲಿಂಬೆ ಇಷ್ಟು ಹತ್ತಿರದಲ್ಲಿ ಸಿಗುವಾಗ, ಅದೇ ಪೆಟ್ಟಿಗೆ ಲಿಂಬೆ ಸೋಡಾಕ್ಕೂ ಚೆನ್ನಾಗಿ ಒದಗುತ್ತದೆ.

ಕೊಳ್ಳುವ ಮೊದಲು ಅಳತೆ ನೋಡಬೇಕು. ಸೋಡಾ ತುಂಬಿಡುವ, ಒತ್ತಡ ತಡೆಯುವ 19 ಲೀಟರಿನ ಸ್ಟೀಲ್ ಕ್ಯಾನು ಸುಮಾರು 22 ಸೆಂ.ಮೀ. ಅಗಲ, 64 ಸೆಂ.ಮೀ. ಎತ್ತರವಿರುತ್ತದೆ, ಅದೇ ಅಗಲದ ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿ ಫ್ರೀಜರಿನ ತಳದಲ್ಲಿ ಹಾಸಿ ನೋಡಿದರೆ ಎಷ್ಟು ಕ್ಯಾನು ಹಿಡಿಯುತ್ತವೆ ಎಂಬುದು ತಿಳಿಯುತ್ತದೆ.

ಅನೇಕ ಡೀಪ್ ಫ್ರೀಜರುಗಳಲ್ಲಿ ಒಳಗಿನ ಶಾಖವನ್ನು ಹೊರಹಾಕುವ ಕೊಳವೆಗಳು ಪಕ್ಕದ ತಗಡಿನ ಹಿಂದೆಯೇ ಹಾಯ್ದಿರುತ್ತವೆ. ಇದನ್ನು ತಿಳಿಯದೆ ನಾನು ಮೊದಲ ಸಲ ಪ್ಲೈವುಡ್ಡನ್ನು ಫ್ರೀಜರಿನ ಗೋಡೆಗೆ ಅಂಟಿಸಿಯೇ ಕೂಡಿಸಿದ್ದೆ. ಏಪ್ರಿಲಿನಲ್ಲಿ ಕಂಪ್ರೆಸರ್ ಹಗಲೆಲ್ಲ ನಿಲ್ಲದೆ ಓಡಿತು, ಹಲಗೆಯ ಸಂದಿಯಲ್ಲಿ ಬೆರಳಿಟ್ಟರೆ ಚುರುಕ್ ಎನ್ನುತ್ತಿತ್ತು. ಕೊನೆಗೆ ಎಲ್ಲವನ್ನೂ ಕಿತ್ತು ತೆಗೆಯಬೇಕಾಯಿತು. ಆದ್ದರಿಂದ ಹೊದಿಕೆಯು ತನ್ನದೇ ಕಾಲುಗಳ ಮೇಲೆ ನಿಲ್ಲುವ ಬೇರೆ ಚೌಕಟ್ಟಾಗಿರಬೇಕು. ಫ್ರೀಜರಿನ ಗೋಡೆಯಿಂದ 5 ಸೆಂ.ಮೀ. ದೂರವಿದ್ದು, ಕೆಳಗೂ ಮೇಲೂ ಗಾಳಿಯಾಡುವಂತೆ ಪಟ್ಟಿಗಳ ನಡುವೆ ಸಂದಿ ಬಿಟ್ಟಿರಬೇಕು. ಕಂಪ್ರೆಸರಿನ ಜಾಲರಿಯನ್ನು ಮುಚ್ಚಲೇಬಾರದು, ಫ್ರೀಜರಿನ ಗೋಡೆಗೆ ಒಂದು ಸ್ಕ್ರೂ ಕೂಡ ಹೊಡೆಯಬಾರದು.

ನಳಗಳಿಗೆ ಜಾಗ ಮಾಡುವುದು ಮುಚ್ಚಳದ ಕೆಳಗೆ ಕೂಡುವ ಸಾಗವಾನಿಯ ಪಟ್ಟಿ. ಸುಮಾರು 15 ಸೆಂ.ಮೀ. ಎತ್ತರದ ಹಲಗೆಗಳಿಂದ ಆಯತ ಕಟ್ಟಿಸಿ, ಒಳಮೈಗೆ ಥರ್ಮೋಕೋಲ್ ಅಂಟಿಸಿ, ತಳದಂಚಿಗೆ ರಬ್ಬರಿನ ಪಟ್ಟಿ ಹಚ್ಚಬೇಕು. ಇದನ್ನು ಫ್ರೀಜರಿನ ಬಾಯಿಗಲ್ಲ, ಮುಚ್ಚಳಕ್ಕೇ ಬಿಗಿಯುವುದು ಉತ್ತಮವೆಂದು ನನ್ನ ಅಭಿಪ್ರಾಯ. ಬಿಜಾಗರಿಯ ಮೇಲಿನ ಭಾಗವನ್ನು ಸಾಗವಾನಿಯ ಪಟ್ಟಿಗೆ ಹೊಡೆದರೆ ಎರಡೂ ಒಟ್ಟಿಗೆ ತೆರೆಯುತ್ತವೆ, 20 ಕಿಲೋ ಮೀರಿದ ತುಂಬಿದ ಕ್ಯಾನನ್ನು ಮತ್ತಷ್ಟು ಎತ್ತರಕ್ಕೆ ಎತ್ತುವ ಶ್ರಮ ತಪ್ಪುತ್ತದೆ. ಕ್ಯಾನಿನಿಂದ ನಳಕ್ಕೆ ಹೋಗುವ ಪೈಪುಗಳನ್ನು ಮಾತ್ರ, ಮುಚ್ಚಳ ತೆರೆದಾಗ ಎಳೆಯದಂತೆ, ಉದ್ದವಾಗಿ ಸಡಿಲ ಬಿಡಬೇಕು. ಲಿಂಬೆಯ ಹುಳಿ ಹಿತ್ತಾಳೆಯನ್ನು ತಿನ್ನುವುದರಿಂದ ನಳಗಳು ಸ್ಟೇನ್‌ಲೆಸ್ ಸ್ಟೀಲಿನವೇ ಆಗಿರಲಿ.

ಫ್ರೀಜರ್ ತಾನಾಗಿ ಮೈನಸ್ 18 ಡಿಗ್ರಿಯ ಕಡೆಗೆ ಹೋಗುತ್ತದೆ. ಅದರ ವಿದ್ಯುತ್ತನ್ನು ಹೊರಗಿನ ಟೆಂಪರೇಚರ್ ಕಂಟ್ರೋಲರ್ ಮೂಲಕ ಕೊಟ್ಟು 4 ಡಿಗ್ರಿಗೆ ನಿಲ್ಲಿಸಬೇಕು. ಸೆನ್ಸರನ್ನು ಗಾಳಿಯಲ್ಲಿ ತೂಗಬಿಡದೆ ನೀರಿನ ಬಾಟಲಿಯೊಳಗೆ ಇಳಿಬಿಟ್ಟರೆ ಕಂಪ್ರೆಸರ್ ಪದೇ ಪದೇ ಹತ್ತಿ ಆರುವುದಿಲ್ಲ. ವೈರಿಂಗ್ ಮತ್ತು ಅರ್ಥಿಂಗ್ ಕೆಲಸ ಎಲೆಕ್ಟ್ರಿಶಿಯನ್ ಕೈಯಲ್ಲೇ ಆಗಲಿ.

ಲಿಂಬೆರಸವನ್ನು ತೆಳುಬಟ್ಟೆಯಲ್ಲಿ ಸೋಸದಿದ್ದರೆ ನಾರು ಕ್ಯಾನಿನ ಒಳಗೊಳವೆಯನ್ನು ಕಟ್ಟುತ್ತದೆ. ಸೋಸಿದ ರಸದ ಪಾನಕ ಕ್ಯಾನಿನಲ್ಲಿ ತಣ್ಣಗಾದ ಮೇಲೆ, ರೆಗ್ಯುಲೇಟರ್ ಮೂಲಕ 2 ಬಾರ್ ಒತ್ತಡದಲ್ಲಿ ಆಹಾರ ದರ್ಜೆಯ ಕಾರ್ಬನ್ ಡೈಆಕ್ಸೈಡ್ ಕೊಟ್ಟು ನಾಲ್ಕೈದು ದಿನ ಬಿಡಬೇಕು. ಸಿಲಿಂಡರನ್ನು ಹೊರಗೆ, ಗಾಳಿಯಾಡುವ ಜಾಗದಲ್ಲಿ ನೆಟ್ಟಗೆ ಕಟ್ಟಿ ನಿಲ್ಲಿಸಿ, ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಪೆಟ್ಟಿಗೆಯೊಳಗೇ ತುಂಬಿ ಉಸಿರುಗಟ್ಟಿಸಬಲ್ಲದು. ಮುಚ್ಚಳ ತೆರೆದು ಸ್ವಲ್ಪ ಹೊತ್ತು ಬಿಟ್ಟ ನಂತರವೇ ಒಳಗೆ ಬಾಗಬೇಕು, ಮಕ್ಕಳನ್ನು ದೂರವಿಡಬೇಕು.

ನಳದವರೆಗಿನ ಪೈಪು 5 ಮಿ.ಮೀ. ಒಳವ್ಯಾಸದ್ದು, 6 ಮೀಟರಿಗೆ ಕಡಿಮೆಯಿಲ್ಲದಷ್ಟು ಉದ್ದದ್ದು ಇರಲಿ. ನಳವನ್ನು ಅರ್ಧ ತಿರುಗಿಸಿದರೆ ಬರೀ ನೊರೆ ಬರುತ್ತದೆ. ಲೋಟವನ್ನು ಓರೆಯಾಗಿ ಹಿಡಿದು ಪೂರ್ತಿ ತೆರೆಯಬೇಕು.