ಅಂಕ ಒಂದೇ, ತಪ್ಪು ಬೇರೆ: ಗಣಿತ ಪರೀಕ್ಷೆಯಿಂದ ಪರಿಹಾರ ಬೋಧನೆಗೆ

ಘಟಕ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವರನ್ನೆಲ್ಲ ಒಂದು ಕಡೆ ಕೂರಿಸಿ ಅದೇ ಪಾಠವನ್ನು ಇನ್ನಷ್ಟು ನಿಧಾನವಾಗಿ ಹೇಳುವುದು ಪರಿಹಾರ ಬೋಧನೆ (ಕಲಿಕೆಯ ತೊಡಕು ಹುಡುಕಿ ಸರಿಪಡಿಸುವ ಪಾಠ) ಅಲ್ಲ. ಅಂಕ ನೋಡಿ ಗುಂಪು ಮಾಡುವುದನ್ನು ನಾನು ಬಿಟ್ಟಿದ್ದೇನೆ. ತಪ್ಪು ನೋಡಿ ಗುಂಪು ಮಾಡುತ್ತೇನೆ. ಏಕೆಂದರೆ ಒಂದೇ ಅಂಕದ ಹಿಂದೆ ಪೂರ್ತಿ ವಿರುದ್ಧವಾದ ಎರಡು ತಪ್ಪು ತಿಳಿವಳಿಕೆಗಳು ಇರಬಹುದು.

ದಶಮಾಂಶಗಳ ಹೋಲಿಕೆಯನ್ನೇ ನೋಡಿ. ದೊಡ್ಡದು ಯಾವುದು ಎಂದು ನಾಲ್ಕು ಜೋಡಿ ಕೊಡುತ್ತೇನೆ: 0.4 ಮತ್ತು 0.35, 0.6 ಮತ್ತು 0.48, 0.47 ಮತ್ತು 0.3, 0.82 ಮತ್ತು 0.7. ‘ಅಂಕಿ ಹೆಚ್ಚಿದ್ದರೆ ಸಂಖ್ಯೆ ದೊಡ್ಡದು’ ಎಂದುಕೊಂಡ ಮಗುವಿಗೆ ಕೊನೆಯ ಎರಡು ಸರಿಯಾಗುತ್ತವೆ. ‘ಶತಾಂಶ ಎಂದರೆ ಸಣ್ಣ ಚೂರು, ಹಾಗಾಗಿ ಉದ್ದದ ಸಂಖ್ಯೆಯೇ ಚಿಕ್ಕದು’ ಎಂದುಕೊಂಡ ಮಗುವಿಗೆ ಮೊದಲ ಎರಡು ಸರಿಯಾಗುತ್ತವೆ. ಇಬ್ಬರಿಗೂ ನಾಲ್ಕಕ್ಕೆ ಎರಡು. ಕೊನೆಯ ಎರಡರಂಥ ಜೋಡಿಗಳನ್ನಷ್ಟೇ ಕೇಳಿದ್ದರೆ ಮೊದಲನೆಯ ಮಗು ಪೂರ್ಣಾಂಕ ಪಡೆದು ನಮ್ಮ ಕಣ್ಣು ತಪ್ಪಿಸಿಕೊಳ್ಳುತ್ತಿತ್ತು.

ಆದ್ದರಿಂದ ಹೆಚ್ಚು ಹೊತ್ತು ಹಿಡಿಯುವುದು ತಿದ್ದುವುದಲ್ಲ, ಪ್ರಶ್ನೆಗೆ ಸಂಖ್ಯೆ ಆರಿಸುವುದು. 576 − 243 ಕೊಟ್ಟರೆ ದಶಕ ಪಡೆಯಲು ಬಾರದವರೂ ಸರಿ ಉತ್ತರ ಬರೆಯುತ್ತಾರೆ. 402 − 178 ಹಾಗಲ್ಲ, ಅಲ್ಲಿ ಒಂದೊಂದು ತಪ್ಪಿಗೂ ಒಂದೊಂದು ಉತ್ತರ ಬರುತ್ತದೆ. 376 ಬಂದರೆ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾರೆ. 324 ಬಂದರೆ ಸೊನ್ನೆಯನ್ನು 9 ಮಾಡಿದ್ದಾರೆ, ನೂರರ ಸ್ಥಾನದ 4ನ್ನು ಇಳಿಸಿಲ್ಲ. 234 ಬಂದರೆ ನೂರರಿಂದ ಪಡೆದಿದ್ದಾರೆ, ಬಿಡಿಗೆ ಕೊಟ್ಟ ಮೇಲೂ ಹತ್ತರ ಸ್ಥಾನದಲ್ಲಿ 10ನ್ನೇ ಉಳಿಸಿಕೊಂಡಿದ್ದಾರೆ. ಸರಿ ಉತ್ತರ 224. ಬಹು ಆಯ್ಕೆ ಪ್ರಶ್ನೆಯಾದರೆ ಈ ನಾಲ್ಕೇ ಆಯ್ಕೆಗಳು. ಸುಮ್ಮನೆ ತುಂಬಿಸಿದ ಆಯ್ಕೆಯಿಂದ ಏನೂ ಗೊತ್ತಾಗುವುದಿಲ್ಲ. ಹಾಗೆಯೇ x = 2 ಎಂದು ಕೊಟ್ಟು x²ನ ಬೆಲೆ ಕೇಳಬಾರದು, 2x ಎಂದುಕೊಂಡವರಿಗೂ 4 ಬರುತ್ತದೆ. 16/64ನ್ನು ಸಂಕ್ಷೇಪಿಸಿ ಎನ್ನುವುದಂತೂ ಬೇಡವೇ ಬೇಡ: ಮೇಲಿನ 6, ಕೆಳಗಿನ 6 ಹೊಡೆದು ಹಾಕಿದರೂ 1/4 ಸಿಗುತ್ತದೆ!

ತಿದ್ದುವಾಗ ಒಂದು ಹಾಳೆಯಲ್ಲಿ ಅಡ್ಡಸಾಲಿಗೆ ಮಕ್ಕಳ ಹೆಸರು, ಕಂಬಸಾಲಿಗೆ ಪ್ರಶ್ನೆ ಸಂಖ್ಯೆ. ಸರಿ ಇದ್ದಲ್ಲಿ ಚುಕ್ಕೆ. ತಪ್ಪಿದ್ದಲ್ಲಿ ಕತ್ತರಿ ಗುರುತಲ್ಲ, ಮಗು ಬರೆದ ಉತ್ತರವನ್ನೇ ಬರೆಯಬೇಕು. ಕಂಬಸಾಲಿನಲ್ಲಿ ಒಂದೇ ತಪ್ಪು ಉತ್ತರ ಮತ್ತೆ ಮತ್ತೆ ಕಂಡರೆ ಅದೇ ಗುಂಪು. ಒಂದೇ ಬಗೆಯ ಮೂರು ಲೆಕ್ಕಗಳಲ್ಲಿ ಎರಡರಲ್ಲಾದರೂ ಅದೇ ತಪ್ಪು ಬಂದರೆ ಮಾತ್ರ ತಪ್ಪು ತಿಳಿವಳಿಕೆ ಎನ್ನುತ್ತೇನೆ, ಒಮ್ಮೆ ಬಂದರೆ ಕೈತಪ್ಪು. ಖಾಲಿ ಬಿಟ್ಟದ್ದಕ್ಕೆ ಬೇರೆ ಗುರುತು, ಅದು ಸಮಯ ಸಾಲದ್ದೂ ಇರಬಹುದು. ವಾಕ್ಯ ಲೆಕ್ಕ ತಪ್ಪಿದ್ದರೆ ಅದೇ ಸಂಖ್ಯೆಗಳನ್ನು ಬರಿಯ ಲೆಕ್ಕವಾಗಿ ಕೊಟ್ಟು ನೋಡುತ್ತೇನೆ. ಆಗ ಸರಿ ಬಂದರೆ ತೊಡಕು ಓದಿ ಅರ್ಥಮಾಡಿಕೊಳ್ಳುವುದರಲ್ಲೋ ಯಾವ ಲೆಕ್ಕ ಮಾಡಬೇಕೆಂದು ಆರಿಸುವುದರಲ್ಲೋ ಇದೆ, ಲೆಕ್ಕ ಮಾಡುವುದರಲ್ಲಿಲ್ಲ. ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದೇ ತಪ್ಪಿದ್ದರೆ ಗುಂಪಿನ ಮಾತೇ ಇಲ್ಲ, ಪಾಠವನ್ನೇ ಬೇರೆ ದಾರಿಯಿಂದ ಎಲ್ಲರಿಗೂ ಮಾಡಬೇಕು.

ಗುಂಪಿಗೆ ನಾಲ್ಕರಿಂದ ಆರು ಮಕ್ಕಳು, ಇಪ್ಪತ್ತು ನಿಮಿಷ, ಒಂದೇ ತಪ್ಪು. ಮೊದಲು ‘ಹೇಗೆ ಮಾಡಿದೆ, ಹೇಳು’ ಎನ್ನುತ್ತೇನೆ. ‘ಯಾಕೆ ತಪ್ಪಿತು’ ಎಂದು ಕೇಳಿದರೆ ಮಗು ಬಾಯಿ ಮುಚ್ಚುತ್ತದೆ. 1/2 + 1/3 = 2/5 ಎಂದು ಬರೆದವರಿಗೆ ಸಮಚ್ಛೇದದ ನಿಯಮ ಹೇಳುವ ಮೊದಲು 2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಪಟ್ಟಿ ಚಿತ್ರದಲ್ಲಿ ತೋರಿಸಲು ಹೇಳುತ್ತೇನೆ. ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂಬ ಗೊಂದಲ ಅವರಲ್ಲೇ ಏಳಬೇಕು. 1/2ಕ್ಕೆ 3/6 ಸಮ ಎಂಬುದೇ ತಿಳಿಯದಿದ್ದರೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಕಲಿಸುವುದು ದಂಡ, ಒಂದು ಮೆಟ್ಟಿಲು ಕೆಳಗಿಳಿದು ಸಮಾನ ಭಿನ್ನರಾಶಿಗಳಿಂದ ಆರಂಭಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. 0.4ರ ಮುಂದೆ ಸೊನ್ನೆ ಹಚ್ಚಿ 0.40 ಮಾಡಿಕೊಂಡು ಹೋಲಿಸು ಎಂಬ ಉಪಾಯದಿಂದ ಉತ್ತರ ಸರಿಯಾಗುತ್ತದೆ, ತಿಳಿವಳಿಕೆ ಸರಿಯಾಗದೆ ಉಳಿಯಬಹುದು. ಮಗು 40ನ್ನೂ 35ನ್ನೂ ಪೂರ್ಣಸಂಖ್ಯೆಗಳಂತೆಯೇ ಹೋಲಿಸುತ್ತಿರುತ್ತದೆ. ನೂರು ಚೌಕದ ಜಾಲದಲ್ಲಿ ನಾಲ್ಕು ಪೂರ್ತಿ ಸಾಲಿಗೂ ಮೂವತ್ತೈದು ಚೌಕಕ್ಕೂ ಬಣ್ಣ ತುಂಬಿಸುವುದು ನಿಧಾನದ ದಾರಿ, ಆದರೆ ನಿಲ್ಲುವಂಥದ್ದು.

ಆ ದಿನವೇ ಚೀಟಿಯಲ್ಲಿ ಎರಡು ಲೆಕ್ಕ: ರಚನೆ ಅದೇ, ಸಂಖ್ಯೆ ಬೇರೆ, ಉದಾಹರಣೆಗೆ 503 − 267. ಇದರಲ್ಲಿ ಗೆದ್ದರೆ ಪೂರ್ತಿ ನಂಬುವುದಿಲ್ಲ. ಎರಡು ಮೂರು ವಾರ ಬಿಟ್ಟು ಬೇರೆ ಅಧ್ಯಾಯದ ಲೆಕ್ಕಗಳ ನಡುವೆ ಇನ್ನೊಂದನ್ನು ಸೇರಿಸುತ್ತೇನೆ. ದಶಕ ಬೇಡದ 576 − 243ರಂಥದ್ದೂ ಈಗ ಇರಲೇಬೇಕು. ಹೊಸದಾಗಿ ಕಲಿತವರು ಬೇಕಿರಲಿ ಬೇಡವಿರಲಿ ಎಲ್ಲ ಕಡೆ ದಶಕ ಪಡೆಯುತ್ತಾರೆ. ಹಳೆಯ ತಪ್ಪೇ ಮರಳಿದರೆ ಅದೇ ಬೋಧನೆಯನ್ನು ಇನ್ನೊಮ್ಮೆ ಮಾಡುವುದಿಲ್ಲ, ಸ್ಥಾನಬೆಲೆಗೆ ಇಳಿದು ನೂರರ ಕಟ್ಟು ಬಿಚ್ಚಿ ಹತ್ತರ ಕಟ್ಟುಗಳನ್ನಾಗಿ ಮಾಡಿಸುತ್ತೇನೆ. ತಪ್ಪು ಹೊಸದಾಗಿದ್ದರೆ ಆ ಮಗುವಿನ ಗುಂಪು ಬದಲಾಗುತ್ತದೆ.